ಬೆಕ್ಕಿನ ಕಣ್ಣಿನ ಕಾರ್ನ್‌ವಾಲಿಸ್

ಮಳವಳ್ಳಿಯಿಂದ ಬನ್ನೂರಿನ ಕಡೆಗೆ ಹೊರಟರೆ ದಾರಿಯಲ್ಲೇ ಸಿಗುವ ಊರು ನಮ್ಮ ಕಿರುಗಾವಲು. ಈಗ ನಾಟಿ ಭತ್ತದ ನೂರಾರು ತಳಿಗಳನ್ನು ಉಳಿಸಿಕೊಂಡ ಊರೆಂದು ಪತ್ರಿಕೆಗಳಲ್ಲಿ ಇದರ ಹೆಸರು ಬರುತ್ತದೆ. ನಾನು ಹುಡುಗನಾಗಿದ್ದಾಗ ಊರಿನ ಹೆಮ್ಮೆಯೇ ಬೇರೆಯಿತ್ತು. 1799ರ ಮಾರ್ಚ್ 27ರಂದು ಜನರಲ್ ಹ್ಯಾರಿಸ್‌ನ ದಂಡಿಗೂ ಟಿಪ್ಪುವಿನ ದಂಡಿಗೂ ಕಾಳಗ ನಡೆದದ್ದು ನಮ್ಮ ಪಕ್ಕದ ಮಳವಳ್ಳಿಯಲ್ಲಿ. ಅದಾಗಿ ಐದಾರು ವಾರಕ್ಕೆ, ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು. ಹಾಗಾಗಿ ಟಿಪ್ಪುವಿನ ಕಥೆ ನಮಗೆ ಪಠ್ಯಪುಸ್ತಕದಿಂದ ಬಂದದ್ದಲ್ಲ, ಜಗುಲಿಯ ಮೇಲೆ ಕೂತವರ ಬಾಯಿಂದ ಬಂದದ್ದು.

ಎಪ್ಪತ್ತರ ದಶಕದ ನಡುವಿನಲ್ಲಿ ಊರಿನವರು ಸೇರಿ ಟಿಪ್ಪುವಿನ ನಾಟಕ ಆಡಿದರು. 1792ರ ಒಪ್ಪಂದದಂತೆ ಟಿಪ್ಪು ತನ್ನ ಇಬ್ಬರು ಮಕ್ಕಳನ್ನು ಲಾರ್ಡ್ ಕಾರ್ನ್‌ವಾಲಿಸ್‌ಗೆ ಒತ್ತೆ ಕೊಡುವ ದೃಶ್ಯವೇ ಆ ನಾಟಕದ ಜೀವ. ಒತ್ತೆ ಹೋಗುವ ಚಿಕ್ಕ ಮಗ ನಾನು. ನನಗೆ ಮಾತಿರಲಿಲ್ಲ, ಅಳಬೇಕಿತ್ತು ಅಷ್ಟೆ. ನನ್ನ ಕೈಹಿಡಿದು ಕರೆದುಕೊಂಡು ಹೋಗುವ ಕಾರ್ನ್‌ವಾಲಿಸ್ ನಮ್ಮೂರಿನ ಸೈಕಲ್ ಶಾಪಿನವರು. ಎತ್ತರದ ಆಳು, ಬೆಕ್ಕಿನ ಕಣ್ಣು. ಮುಖಕ್ಕೆ ಸಫೇದು ಬಳಿದು ತಲೆಗೊಂದು ಟೋಪಿ ಇಟ್ಟರೆ ಆಯಿತು, ದೊರೆ ತಯಾರು. ಅವರಿಗಿದ್ದದ್ದು ಎಂಟೋ ಹತ್ತೋ ಮಾತು. ಅದನ್ನೂ ಮರೆಯುತ್ತಿದ್ದರು. ಪರದೆಯ ಹಿಂದಿನಿಂದ ಯಾರಾದರೂ ಹೇಳಿಕೊಡಬೇಕಿತ್ತು. ಆದರೂ ಆ ಪಾತ್ರಕ್ಕೆ ಅವರಿಗೆ ಎದುರಾಳಿಯೇ ಇರಲಿಲ್ಲ. ಅವರಿಗೆ ಟಿಪ್ಪುವಿನ ಪಾತ್ರದ ಆಸೆ. ಕೇಳಿದಾಗಲೆಲ್ಲ ಹಾರ್ಮೋನಿಯಂ ಮೇಷ್ಟ್ರು ಒಂದೇ ಉತ್ತರ ಕೊಡುತ್ತಿದ್ದರು: "ಆ ಕಣ್ಣು ಇರೋಗಂಟ ನೀನು ದೊರೆನೇ ಕಣಯ್ಯ."

ಈ ಮಾತು ಹೋದ ವರ್ಷ ಮತ್ತೆ ನೆನಪಾಯಿತು. ಕಾಲೇಜಿನಲ್ಲಿ ನನ್ನ ಹತ್ತಿರ ಇತಿಹಾಸ ಓದಿದ ಹುಡುಗನೊಬ್ಬ ಬ್ಯಾಂಕಾಕಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಾನೆ. ಒಂದು ರಾತ್ರಿ ಫೋನ್ ಮಾಡಿದ. ರಜೆಯ ದಿನ ಯಾರೋ ಕರೆದು ಜಾಹೀರಾತೊಂದರಲ್ಲಿ ಇಂಡಿಯಾದ ಬಟ್ಟೆ ವ್ಯಾಪಾರಿಯಾಗಿ ನಿಲ್ಲಿಸಿದರಂತೆ. ಫೋಟೋ ಕಳಿಸಿದ್ದ. ಹುಟ್ಟಿದಾರಭ್ಯ ತಲೆಗೆ ಟವೆಲ್ ಬಿಟ್ಟು ಬೇರೇನೂ ಸುತ್ತದ ಹುಡುಗನ ತಲೆಯ ಮೇಲೆ ಜರಿಯ ದೊಡ್ಡ ಪೇಟ. "ಇಲ್ಲಿ ಸೀರಿಯಲ್ಲಿಗೆ, ಸಿನಿಮಾಕ್ಕೆ ಹೊರದೇಶದ ಮುಖಗಳು ಬೇಕಾಗ್ತವೆ ಸಾರ್. ಹೋಟೆಲ್ ಕೆಲಸ ಬಿಟ್ಟು ಇದಕ್ಕೇ ಇಳಿದುಬಿಡ್ಲಾ? ಹೊರಗಿನವರು ಇಂಥ ಕಡೆ ಹೆಂಗೆ ನೆಲೆ ನಿಲ್ತಾರೆ?" ಅಂತ ಕೇಳಿದ. ಥಾಯ್ಲೆಂಡಿನ ಸಿನಿಮಾ ನನಗೇನು ಗೊತ್ತು? ಆದರೆ ಹೊರಗಿನವರು ನಮ್ಮಲ್ಲಿಗೆ ಬಂದು, ನಮ್ಮವರು ಹೊರಗೆ ಹೋಗಿ ಬಣ್ಣದ ಲೋಕದಲ್ಲಿ ಕೆಲಸ ಹಿಡಿದ ಕಥೆ ಒಂದಿಷ್ಟು ಗೊತ್ತಿತ್ತು. ಅವನಿಗೆ ಹೇಳಬೇಕೆಂದು ನೆನಪು ಮಾಡಿಕೊಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕನ್ನಡ ನಾಡಿನ ಮಟ್ಟಿಗೆ ಕಥೆ ಶುರುವಾಗುವುದು ಗುಬ್ಬಿ ವೀರಣ್ಣನವರಿಂದ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನು ವೀರಣ್ಣನವರು ದೊಡ್ಡ ಸಂಸ್ಥೆಯಾಗಿ ಬೆಳೆಸಿದ್ದು ಎಲ್ಲರಿಗೂ ಗೊತ್ತು. 1930ರ ಆಚೀಚೆ ಅವರು ಬೆಂಗಳೂರಿನಲ್ಲಿ ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಕಟ್ಟಿ ಮೂಕಿ ಚಿತ್ರಗಳಿಗೆ ಕೈಹಾಕಿದ್ದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಆ ಚಿತ್ರಗಳಲ್ಲಿ 'ಹಿಸ್ ಲವ್ ಅಫೇರ್' ಒಂದು, 1931ರದ್ದು. ಅದರಲ್ಲಿ ವೀರಣ್ಣನವರೇ ನಟಿಸಿದರು. ನಿರ್ದೇಶಕ ಬೆಲ್ಜಿಯಂನ ರಾಫೆಲ್ ಅಲ್ಗೋಟ್. ಊರೂರು ಸುತ್ತಿ ಗುಡಾರ ಹಾಕಿ ನಾಟಕ ಆಡುತ್ತಿದ್ದ ಕಂಪನಿಯ ಯಜಮಾನ, ಯೂರೋಪಿನಿಂದ ಬಂದವನೊಬ್ಬನ ಕೈಗೆ ತನ್ನ ಚಿತ್ರ ಒಪ್ಪಿಸಿದ್ದು ಹೇಗೆ? ಉತ್ತರ ಸರಳ. ಅಭಿನಯ, ಹಾಡು, ಹಾಸ್ಯ, ರಂಗಸಜ್ಜಿಕೆ ಇವೆಲ್ಲ ಕಂಪನಿಯಲ್ಲಿ ಧಾರಾಳವಾಗಿದ್ದವು. ಇಲ್ಲದ್ದು ಕ್ಯಾಮೆರಾದ ವಿದ್ಯೆ. ಜೊತೆಗೆ ಮೂಕಿ ಚಿತ್ರಕ್ಕೆ ಭಾಷೆಯ ಹಂಗಿಲ್ಲ. ಕನ್ನಡದ ಒಂದಕ್ಷರ ಬಾರದವನೂ ಕನ್ನಡದ ನಟರನ್ನು ನಿಲ್ಲಿಸಿ ಚಿತ್ರ ತೆಗೆಯಬಹುದಿತ್ತು.

ಮೂರೇ ವರ್ಷದಲ್ಲಿ ಆ ಬಾಗಿಲು ಕಿರಿದಾಯಿತು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ 'ಸತಿ ಸುಲೋಚನ' ಕನ್ನಡ ಮಾತಾಡಿತು. ಹಣ ಹಾಕಿದ್ದು ಬೆಂಗಳೂರಿನ ವ್ಯಾಪಾರಿ ಚಮನ್‌ಲಾಲ್ ಡುಂಗಾಜಿ, ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ, ನಿರ್ದೇಶಕ ನೆಲ್ಲೂರಿನ ವೈ.ವಿ. ರಾವ್. ಮಾತು ಮತ್ತು ಹಾಡು ಬರೆದವರು ಮಾತ್ರ ನಮ್ಮ ಬೆಳ್ಳಾವೆ ನರಹರಿ ಶಾಸ್ತ್ರಿಗಳು, ಆಡಿದವರು ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು, ತ್ರಿಪುರಾಂಬ. ಅಂದರೆ ಕನ್ನಡದ ಮೊದಲ ವಾಕ್ಚಿತ್ರವನ್ನೂ ಕಟ್ಟಿದವರಲ್ಲಿ ಹೊರಗಿನವರು ಬೇಕಾದಷ್ಟಿದ್ದರು. ಆದರೆ ಸಮುದ್ರದಾಚೆಯ ಹೊರಗಿನವರ ಜಾಗಕ್ಕೆ ನೆರೆಹೊರೆಯ ಹೊರಗಿನವರು ಬಂದರು. ಮಾತು ಮುಖ್ಯವಾದ ಕೂಡಲೇ ಬಾಗಿಲಿನ ಅಳತೆ ಬದಲಾಯಿತು.

ಹಾಗೆಂದು ಪೂರ್ತಿ ಮುಚ್ಚಲಿಲ್ಲ. ಅಮೆರಿಕದ ಎಲ್ಲಿಸ್ ಡಂಗನ್ 1935ರಲ್ಲಿ ಇಂಡಿಯಾಕ್ಕೆ ಬಂದದ್ದು ಕೆಲವು ತಿಂಗಳ ಮಟ್ಟಿಗೆ. ಕ್ಯಾಲಿಫೋರ್ನಿಯಾದ ಕಾಲೇಜಿನಲ್ಲಿ ಜೊತೆಗೆ ಓದಿದ ಮಾಣಿಕ್‌ಲಾಲ್ ಟಂಡನ್ ಕರೆದಿದ್ದರು. ಬಂದವರು 1950ರವರೆಗೆ ಉಳಿದರು. ತಮಿಳು ಬಾರದ ಡಂಗನ್, ಎಂ.ಜಿ.ಆರ್. ಮೊದಲ ಬಾರಿಗೆ ಕಾಣಿಸಿಕೊಂಡ 'ಸತಿ ಲೀಲಾವತಿ'ಯನ್ನೂ ಎಂ.ಎಸ್. ಸುಬ್ಬುಲಕ್ಷ್ಮಿಯವರ 'ಮೀರಾ'ವನ್ನೂ ನಿರ್ದೇಶಿಸಿದರು. ಬೊಂಬಾಯಿಯಲ್ಲಿ ಹಿಮಾಂಶು ರಾಯ್ ಜರ್ಮನಿಯ ಫ್ರಾಂಜ್ ಆಸ್ಟೆನ್‌ರನ್ನು ನಿರ್ದೇಶಕರಾಗಿ, ಜೋಸೆಫ್ ವಿರ್ಶಿಂಗ್‌ರನ್ನು ಛಾಯಾಗ್ರಾಹಕರಾಗಿ ಕರೆತಂದರು. 1936ರ 'ಅಛೂತ್ ಕನ್ಯಾ' ಅವರ ಕೈಯಲ್ಲೇ ಆದದ್ದು.

1939ರಲ್ಲಿ ಯುದ್ಧ ಶುರುವಾಯಿತು. ನೆನ್ನೆಯವರೆಗೆ ಸ್ಟುಡಿಯೋದ ಗುರುಗಳಾಗಿದ್ದವರು ಬೆಳಗಾಗುವಷ್ಟರಲ್ಲಿ ಬ್ರಿಟಿಷ್ ಸರ್ಕಾರದ ಲೆಕ್ಕದಲ್ಲಿ ಶತ್ರು ದೇಶದವರಾಗಿದ್ದರು. ಇಬ್ಬರನ್ನೂ ಬಂಧಿಸಿದರು. ಆಸ್ಟೆನ್ ಜರ್ಮನಿಗೆ ಮರಳಿದರು. ವಿರ್ಶಿಂಗ್ ಬಂಧನದಲ್ಲೇ ವರ್ಷಗಳನ್ನು ಕಳೆದು, ಹೊರಬಂದು, ಮತ್ತೆ ಇಲ್ಲಿಯೇ ಕ್ಯಾಮೆರಾ ಹಿಡಿದರು. 1949ರ 'ಮಹಲ್' ಅವರದ್ದು. 'ಪಾಕೀಜಾ' ಮುಗಿಯುವ ಮೊದಲೇ, 1967ರಲ್ಲಿ, ತೀರಿಕೊಂಡರು. ಕೆಲಸ ಎಷ್ಟೇ ಬರಲಿ, ಹೊರಗಿನವನ ನೆತ್ತಿಯ ಮೇಲೆ ಒಂದು ಕಾಗದ ಯಾವಾಗಲೂ ತೂಗುತ್ತಿರುತ್ತದೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ ಅಂದುಕೊಂಡಿದ್ದೆ. ನಮ್ಮವನೇ ಆದ ಇನ್ನೊಬ್ಬನ ಕಥೆ ನೆನಪಾಗುವವರೆಗೆ.

ಅವನು ಸಾಬು. ಹೆಗ್ಗಡದೇವನಕೋಟೆಯ ಕಡೆಯ ಕಾರಾಪುರದಲ್ಲಿ 1924ರ ಜನವರಿ 27ರಂದು ಹುಟ್ಟಿದ ಮಾವುತನ ಮಗ. ತಂದೆ ಮೈಸೂರು ಮಹಾರಾಜರ ಆನೆಗಳನ್ನು ನೋಡಿಕೊಳ್ಳುತ್ತಿದ್ದರು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗನಿಗೆ ಆನೆಲಾಯವೇ ಮನೆ. 1935ರ ಸುಮಾರಿಗೆ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದರು. ಕಿಪ್ಲಿಂಗ್‌ನ ಕಥೆಯೊಂದನ್ನು ಲಂಡನ್ನಿನ ಅಲೆಕ್ಸಾಂಡರ್ ಕೋರ್ಡಾ ಅವರ ಕಂಪನಿಗೆ ಚಿತ್ರ ಮಾಡುವುದಿತ್ತು, ಆನೆಯ ಜೊತೆ ಸಲೀಸಾಗಿ ಓಡಾಡುವ ಹುಡುಗ ಬೇಕಿತ್ತು. ಅವರ ಛಾಯಾಗ್ರಾಹಕ ಆಸ್ಮಂಡ್ ಬೊರಾಡೈಲ್ ಕಣ್ಣಿಗೆ ಬಿದ್ದವನು ಸಾಬು. ಮೈಸೂರಿನ ಕಾಡಿನಲ್ಲಿ ತೆಗೆದದ್ದು ಸಾಲದೆಂದು ಉಳಿದದ್ದನ್ನು ಇಂಗ್ಲೆಂಡಿನ ಸ್ಟುಡಿಯೋದಲ್ಲಿ ತೆಗೆದರು. ಅಣ್ಣನ ಜೊತೆ ಹುಡುಗ ಹಡಗು ಹತ್ತಿದ.

'ಎಲಿಫೆಂಟ್ ಬಾಯ್' 1937ರಲ್ಲಿ ಬಂತು. ವೆನಿಸ್ ಚಿತ್ರೋತ್ಸವದಲ್ಲಿ ಫ್ಲಾಹರ್ಟಿಗೂ ಸಹನಿರ್ದೇಶಕ ಜೋಲ್ಟನ್ ಕೋರ್ಡಾಗೂ ಪ್ರಶಸ್ತಿ ಸಿಕ್ಕಿತು. ಸಾಬು ಲೋಕಕ್ಕೆಲ್ಲ ಗೊತ್ತಾದ. ಮುಖ ಗೊತ್ತಾಯಿತು ಅನ್ನಬೇಕು, ಹೆಸರಿನ ಕಥೆ ಬೇರೆ. ಜೊತೆಗೆ ಹೋದ ಅಣ್ಣನ ಹೆಸರು ದಸ್ತಗೀರ್. ಅದನ್ನು ಮನೆತನದ ಹೆಸರೆಂದು ತಿಳಿದು ತಮ್ಮನಿಗೂ ಅಂಟಿಸಿದರು. ಎಷ್ಟೋ ಕೋಶಗಳಲ್ಲಿ ಅವನು ಇವತ್ತಿಗೂ 'ಸಾಬು ದಸ್ತಗೀರ್'.

ಆಮೇಲೆ ಬಂದ ಪಾತ್ರಗಳನ್ನು ನೋಡಿ. 1938ರ 'ದಿ ಡ್ರಮ್'ನಲ್ಲಿ ವಾಯವ್ಯ ಗಡಿಯ ರಾಜಕುಮಾರ. ಬ್ರಿಟಿಷರನ್ನು ಹೊಗಳುವ ಆ ಚಿತ್ರದ ವಿರುದ್ಧ ಬೊಂಬಾಯಿಯಲ್ಲಿ ಜನ ಬೀದಿಗಿಳಿದರು. 1940ರ 'ಥೀಫ್ ಆಫ್ ಬಾಗ್ದಾದ್'ನಲ್ಲಿ ಪುಟ್ಟ ಕಳ್ಳ ಅಬು. 1942ರಲ್ಲಿ ಮೋಗ್ಲಿ, ಅದೇ ವರ್ಷ 'ಅರೇಬಿಯನ್ ನೈಟ್ಸ್'ನಲ್ಲಿ ಅರಬ್ ಹುಡುಗ. ಇನ್ನೆರಡು ವರ್ಷಕ್ಕೆ 'ಕೋಬ್ರಾ ವುಮನ್'ನಲ್ಲಿ ಯಾವುದೋ ದ್ವೀಪದ ಕಥೆ. ಪಠಾಣ, ಅರಬ್, ಕಾಡಿನ ಹುಡುಗ, ದ್ವೀಪವಾಸಿ ಎಲ್ಲ ಆದ. ನಮ್ಮೂರಿನ ನಾಟಕದಲ್ಲಿ ಬೆಕ್ಕಿನ ಕಣ್ಣು ಮಾಡಿದ ಕೆಲಸವನ್ನು ಅಲ್ಲಿ ಕಂದು ಮೈಬಣ್ಣ ಮಾಡಿತು. ಎಲ್ಲಿಯವನೆನ್ನುವುದು ಮುಖ್ಯವಲ್ಲ, ಇಲ್ಲಿಯವನಲ್ಲ ಎಂದು ಕಂಡರೆ ಸಾಕು.

1944ರಲ್ಲಿ ಸಾಬು ಅಮೆರಿಕದ ಪ್ರಜೆಯಾದ. ಅಲ್ಲಿನ ವಾಯುಪಡೆ ಸೇರಿ ಬಾಂಬರ್ ವಿಮಾನದ ಬಾಲದಲ್ಲಿ ಕೂತು ಬಂದೂಕು ಹಿಡಿದ, ಶೌರ್ಯಕ್ಕಾಗಿ ಪದಕ ಪಡೆದ. ಯುದ್ಧ ಮುಗಿಸಿ ಬರುವಷ್ಟರಲ್ಲಿ ಹುಡುಗನ ಮುಖ ಗಂಡಸಿನ ಮುಖವಾಗಿತ್ತು. 1947ರ 'ಬ್ಲ್ಯಾಕ್ ನಾರ್ಸಿಸಸ್' ಬಿಟ್ಟರೆ ಹೇಳಿಕೊಳ್ಳುವ ಚಿತ್ರಗಳು ಕಡಿಮೆಯಾದವು. ಐವತ್ತರ ದಶಕದ ಆರಂಭದಲ್ಲಿ ಅವನು ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಗಳ ಜೊತೆ ಪ್ರದರ್ಶನ ಕೊಟ್ಟ. ಹಾಲಿವುಡ್ಡು ಅವನ ಮುಖಕ್ಕೆ ಕೆಲಸ ಕೊಡದಿದ್ದಾಗ ಅನ್ನ ಕೊಟ್ಟದ್ದು ಕಾರಾಪುರದಲ್ಲಿ ಕಲಿತ ವಿದ್ಯೆ. ಈ ವಿವರ ಓದಿದ ದಿನ ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಅದಕ್ಕಿಂತ ನೋಯಿಸುವ ವಿವರ ಇನ್ನೊಂದಿದೆ. ಮೆಹಬೂಬ್ ಖಾನ್ 'ಮದರ್ ಇಂಡಿಯಾ' ಚಿತ್ರದ ಬಿರ್ಜುವಿನ ಪಾತ್ರಕ್ಕೆ ಮೊದಲು ಯೋಚಿಸಿದ್ದು ಸಾಬುವನ್ನು. ಸಾಬು ಅಮೆರಿಕದಿಂದ ಬೊಂಬಾಯಿಗೆ ಬಂದ, ಹೋಟೆಲಿನಲ್ಲಿ ಉಳಿದು ಕಾದ. ಚಿತ್ರೀಕರಣ ತಡವಾಗುತ್ತ ಹೋಯಿತು. ಅಮೆರಿಕದ ಪ್ರಜೆಯಾಗಿದ್ದರಿಂದ ಇಲ್ಲಿ ಕೆಲಸ ಮಾಡಲು ಬೇಕಾದ ಪರವಾನಗಿಗೂ ತೊಡಕಾಯಿತು. ಕೊನೆಗೆ ಆ ಪಾತ್ರ ಸುನಿಲ್ ದತ್ ಅವರಿಗೆ ಹೋಯಿತು, 1957ರಲ್ಲಿ ಬಿಡುಗಡೆಯಾದ ಚಿತ್ರದಿಂದ ಅವರ ದಿಕ್ಕೇ ಬದಲಾಯಿತು. ಅಲ್ಲಿ ಹೊರಗಿನವನ ಮುಖವೆಂದು ಕೆಲಸ ಸಿಕ್ಕವನಿಗೆ ಇಲ್ಲಿ ಹೊರಗಿನವನ ಕಾಗದವೆಂದು ಕೆಲಸ ತಪ್ಪಿತು. ಇಂಡಿಯಾದ ಒಂದು ಚಿತ್ರದಲ್ಲೂ ನಟಿಸದೆ ಸಾಬು 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 39.

ಅವನು ಸತ್ತು ಏಳು ವರ್ಷಕ್ಕೆ ಕನ್ನಡ ಸಿನಿಮಾ ಮತ್ತೊಮ್ಮೆ ಹೊರಗಿನವನೊಬ್ಬನನ್ನು ಒಳಗೆ ಕರೆಯಿತು. ಅನಂತಮೂರ್ತಿಯವರ 'ಸಂಸ್ಕಾರ'ವನ್ನು ಪಟ್ಟಾಭಿರಾಮ ರೆಡ್ಡಿ ಚಿತ್ರ ಮಾಡಲು ಹೊರಟರು. ಅವರು ತೆಲುಗಿನ ಕವಿ. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರಾದವರು ಗಿರೀಶ ಕಾರ್ನಾಡರು, ನಾರಣಪ್ಪ ಪಿ. ಲಂಕೇಶರು, ಚಂದ್ರಿ ಸ್ನೇಹಲತಾ ರೆಡ್ಡಿ, ಸಂಗೀತ ರಾಜೀವ ತಾರಾನಾಥರದ್ದು. ಶೃಂಗೇರಿಯ ಹತ್ತಿರದ ವೈಕುಂಠಪುರದ ಅಗ್ರಹಾರದಲ್ಲಿ ಕ್ಯಾಮೆರಾ ಹಿಡಿದು ನಿಂತವರು ಆಸ್ಟ್ರೇಲಿಯಾದ ಟಾಮ್ ಕೊವನ್. ಮಾಧ್ವ ಬ್ರಾಹ್ಮಣರ ಬೀದಿಯಲ್ಲಿ ಹೆಣವೊಂದು ಸಂಸ್ಕಾರ ಕಾಣದೆ ಬಿದ್ದಿರುವ ಕಥೆಯನ್ನು, ಮಡಿ ಮೈಲಿಗೆ ಯಾವುದೂ ಮೈಗೆ ಹತ್ತಿರದವರೊಬ್ಬರ ಕಣ್ಣಿನಿಂದ ನಾವು ನೋಡಿದೆವು. ಸೆನ್ಸಾರ್ ಮಂಡಳಿ ಮೊದಲು ತಡೆಯಿತು. ಬಿಡುಗಡೆಯಾದ ಮೇಲೆ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯ ಸ್ವರ್ಣ ಕಮಲ ಬಂತು. ಕನ್ನಡಕ್ಕೆ ಅದೇ ಮೊದಲು.

ನಾನು ಆ ಚಿತ್ರವನ್ನು ಮೊದಲು ನೋಡಿದ್ದು ಮೈಸೂರಿನಲ್ಲಿ ಓದುತ್ತಿದ್ದಾಗ. ಎರಡನೇ ಸಲ ನೋಡುವಾಗ ಗಮನಕ್ಕೆ ಬಂದದ್ದೇನೆಂದರೆ, ಇಡೀ ಚಿತ್ರದಲ್ಲಿ ಕೊವನ್ ಎಲ್ಲೂ ಕಾಣುವುದಿಲ್ಲ, ಆದರೆ ಅವರಿಲ್ಲದ ಒಂದು ಚೌಕಟ್ಟೂ ಇಲ್ಲ. ಸಾಬುವಿನದು ಇದರ ತಿರುವು ಮುರುವು. ಪ್ರತಿ ಚಿತ್ರದಲ್ಲೂ ಅವನೇ ಕಾಣುತ್ತಾನೆ. ಆ ಕಥೆಗಳಲ್ಲಿ ಕಾರಾಪುರದ ಹುಡುಗ ಎಲ್ಲಿದ್ದಾನೆಂದು ಹುಡುಕಬೇಕು.

ಅದೇ ದಶಕದಲ್ಲಿ, ನಮ್ಮಿಂದ ಬಹಳ ದೂರವೇನಲ್ಲದ ರಾಮನಗರದ ಬೆಟ್ಟಗಳಲ್ಲಿ 'ಶೋಲೆ' ತಯಾರಾಯಿತು. 1973ರ ಅಕ್ಟೋಬರಿನಲ್ಲಿ ಶುರುವಾದ ಚಿತ್ರೀಕರಣಕ್ಕೆ ಸಾಹಸ ದೃಶ್ಯಗಳಿಗೆಂದು ಜೆರ್ರಿ ಕ್ರಾಂಪ್ಟನ್, ಜಿಮ್ ಆಲೆನ್ ಮುಂತಾದವರನ್ನು ಬ್ರಿಟನ್ನಿನಿಂದ ಕರೆಸಿದರು. ಇವರೂ ವಿದ್ಯೆಗೆ ಬಂದವರು. ಬೇಕಾದದ್ದನ್ನು ಮಾಡಿಕೊಟ್ಟು, ಇಲ್ಲಿನವರು ಅದನ್ನು ಕಲಿತ ಮೇಲೆ ಹೊರಟರು.

ಇಷ್ಟನ್ನೂ ಮುಂದಿಟ್ಟುಕೊಂಡು ಹುಡುಗನಿಗೆ ಫೋನ್ ಮಾಡಿದೆ. ಮೇಷ್ಟ್ರ ಚಾಳಿ, ಮೂರು ಮಾತಾಗಿ ವಿಂಗಡಿಸಿ ಹೇಳಿದೆ. ಒಂದು, ಡಂಗನ್‌ಗೆ ಟಂಡನ್, ಆಸ್ಟೆನ್‌ಗೆ ಹಿಮಾಂಶು ರಾಯ್, ಕೊವನ್‌ಗೆ ಪಟ್ಟಾಭಿ, ಹೀಗೆ ಒಳಗಿನವರೊಬ್ಬರು ಕೈಹಿಡಿಯದೆ ಹೊರಗಿನ ಯಾರೂ ಒಳಗೆ ಹೋಗಿಲ್ಲ. ನಿನ್ನ ಕೈಹಿಡಿದವರು ಯಾರು, ಪೇಟ ಕಟ್ಟಿದ ದಿನದ ಆಚೆಗೂ ಹಿಡಿಯುತ್ತಾರಾ ನೋಡು. ಎರಡು, ಕಾಗದ. ಹೋಟೆಲಿನ ಹೆಸರಲ್ಲಿ ಇರುವ ಪರವಾನಗಿ ಸಿನಿಮಾ ಕೆಲಸಕ್ಕೆ ಆಗುತ್ತದೆಯೋ ಇಲ್ಲವೋ ಮೊದಲು ಕೇಳು. ಸಾಬುವಿನಂಥವನನ್ನೇ ಕಾಗದ ಬಾಗಿಲಲ್ಲಿ ನಿಲ್ಲಿಸಿತು. ಮೂರು, ಮುಖಕ್ಕೆ ಸಿಕ್ಕ ಕೆಲಸವನ್ನು ಬೇಡ ಅನ್ನಬೇಡ, ಅದನ್ನೇ ನೆಚ್ಚಬೇಡ. ನೀನು ಮಳವಳ್ಳಿಯ ಆರ್ಕೆಸ್ಟ್ರಾಗಳಿಗೆ ಮೈಕ್‌ಸೆಟ್ ಹೊತ್ತವನು, ಧ್ವನಿಯ ಕೆಲಸ ಕೈಯಲ್ಲಿದೆ, ಅದನ್ನು ಕೇಳಿ ನೋಡು.

ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಹೇಳಿದ: "ಸಾರ್, ಮೈಕ್ ಹಿಡಿಯೋಕೆ ಇಲ್ಲಿ ಅವರದ್ದೇ ಹುಡುಗರು ಬೇಕಾದಷ್ಟು ಅವ್ರೆ. ನನ್ನಕಿಂತ ಚೆನ್ನಾಗಿ ಹಿಡೀತಾರೆ. ಅವರ ಹತ್ರ ಇಲ್ದೇ ಇರೋದು ನನ್ನ ಮುಖ ಒಂದೇಯಾ."

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವನ ಮಾತು ಸರಿಯಾಗಿತ್ತು. ವೀರಣ್ಣನವರಿಗೆ ಬೆಲ್ಜಿಯಂನವನು ಬೇಕಾದದ್ದು ಇಲ್ಲಿ ಆ ವಿದ್ಯೆ ಇಲ್ಲದ್ದರಿಂದ. ಹೊರಗಿನವನಿಗೆ ಸಿಗುವುದು ಒಳಗಿನವರ ಬಳಿ ಇಲ್ಲದ್ದನ್ನು ತುಂಬುವ ಜಾಗ. ಯಾವುದಕ್ಕೆ ಕೊರತೆ ಎಂದು ತೀರ್ಮಾನಿಸುವವನು ಅವನಲ್ಲ. ನಾನು ಇತಿಹಾಸದಿಂದ ತೆಗೆದ ಪಾಠದಲ್ಲಿ ಈ ಅರ್ಧ ಬಿಟ್ಟುಹೋಗಿತ್ತು. "ಹೋಟೆಲ್ ಕೆಲಸ ಮಾತ್ರ ಬಿಡಬೇಡ ಕಣಪ್ಪ" ಅಂದೆ. "ಬಿಡಲ್ಲ ಸಾರ್" ಅಂದ. ಈಗಲೂ ರಜೆ ಸಿಕ್ಕಾಗ ಪೇಟ ಕಟ್ಟುತ್ತಾನಂತೆ. ಪರವಾನಗಿಯ ವಿಷಯ ವಿಚಾರಿಸುತ್ತಿದ್ದಾನೆ.

ಫೋನ್ ಇಟ್ಟ ಮೇಲೆ ಸೈಕಲ್ ಶಾಪಿನವರ ನೆನಪು ಹೋಗಲಿಲ್ಲ. ಒಂದು ರಾತ್ರಿ ತಾಲೀಮಿಗೆ ಟಿಪ್ಪುವಿನ ಪಾತ್ರದವರು ಬರುವುದು ತಡವಾಯಿತು. ಗದ್ದೆಗೆ ನೀರು ಕಟ್ಟಲು ಹೋದವರು ಬಂದಿರಲಿಲ್ಲ. ಸುಮ್ಮನೆ ಕೂರುವುದು ಬೇಡವೆಂದು ಮೇಷ್ಟ್ರು ಇವರನ್ನೇ ಆ ಜಾಗದಲ್ಲಿ ನಿಲ್ಲಿಸಿದರು. ತನ್ನ ಹತ್ತು ಮಾತನ್ನು ನೆನಪಿಟ್ಟುಕೊಳ್ಳದ ಮನುಷ್ಯ, ಮಕ್ಕಳನ್ನು ಒತ್ತೆ ಕೊಡುವ ತಂದೆಯ ಇಡೀ ದೃಶ್ಯವನ್ನು ಒಂದು ಮಾತೂ ತಪ್ಪದೆ ಹೇಳಿದರು. ಯಾರೂ ಹೇಳಿಕೊಡಲಿಲ್ಲ. ಅವತ್ತು ನಾನು ಅಳುವುದನ್ನು ಯಾರೂ ನೆನಪಿಸಬೇಕಾಗಲಿಲ್ಲ. ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ ನೋಡುತ್ತಿದ್ದರು.

ಅಷ್ಟರಲ್ಲಿ ಟಿಪ್ಪುವಿನ ಪಾತ್ರದವರು ಕಾಲು ತೊಳೆದುಕೊಂಡು ಬಂದರು. ಇವರು ಪಕ್ಕಕ್ಕೆ ಸರಿದು, ಟೋಪಿ ಎತ್ತಿಕೊಂಡು, ಕಾರ್ನ್‌ವಾಲಿಸ್ ನಿಲ್ಲುವ ಜಾಗಕ್ಕೆ ಹೋಗಿ ನಿಂತರು.